ಸೊಟ್ಟ ಶಂಖದ ಒಂಬತ್ತು ರೆಕಾರ್ಡುಗಳು

ನನ್ನ ಹತ್ತಿರ ಇವತ್ತಿಗೆ ನೂರಾ ಮೂವತ್ತು ಚಿಲ್ಲರೆ ಡಿಸ್ಕೊ ರೆಕಾರ್ಡುಗಳಿವೆ. ಎಲ್ಲವೂ ಮೂಲ ಅಚ್ಚಿನವು. ಎಪ್ಪತ್ತರ ದಶಕದ ಕೊನೆಯಲ್ಲೋ ಎಂಬತ್ತರ ಶುರುವಿನಲ್ಲೋ ಮೊದಲ ಸಲ ಒತ್ತಿ ತೆಗೆದವು. ಈಗೀಗ ಹೊಸದಾಗಿ ಒತ್ತಿ, ಹೊಳೆಯುವ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಾರುತ್ತಾರಲ್ಲ, ಅಂಥವನ್ನು ನಾನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಐವತ್ತು ದಾಟಿದ, ಶಾಲೆಯಲ್ಲಿ ಗಣಿತ ಹೇಳಿಕೊಡುವ, ಮಂಗಳವಾರ ಒಪ್ಪೊತ್ತು ಮಾಡುವ ಹೆಂಗಸಿಗೆ ಇದೆಂಥ ಹುಚ್ಚು ಎಂದು ಪುಣೆಯ ಬಿಬವೇವಾಡಿಯ ನಮ್ಮ ವಸತಿ ಸೊಸೈಟಿಯಲ್ಲಿ ಎಲ್ಲರೂ ಕೇಳಿಯಾಗಿದೆ. ನಾನು ಯಾರಿಗೂ ಉತ್ತರ ಕೊಟ್ಟಿರಲಿಲ್ಲ. ಕೊಡಬೇಕಾದರೆ ಮೊದಲು ಒಂಬತ್ತು ರೆಕಾರ್ಡು ಪೂರ್ತಿಯಾಗಬೇಕಿತ್ತು. ಈಗ ಆಗಿವೆ.

ಅಪ್ಪ ಉಡುಪಿ ಕಡೆಯಿಂದ ಬಂದು ಪುಣೆ ಕ್ಯಾಂಪಿನಲ್ಲಿ ಹೋಟೆಲ್ ಇಟ್ಟವರು. ಕೆಳಗೆ ಇಡ್ಲಿ, ವಡೆ, ದೋಸೆ. ಮರದ ಮೆಟ್ಟಿಲು ಹತ್ತಿದರೆ ಮೇಲೆ ಫ್ಯಾಮಿಲಿ ರೂಮು. ನಾನು ಏಳೆಂಟು ವರ್ಷದವಳಿದ್ದಾಗ ಕೋರೆಗಾಂವ್ ಪಾರ್ಕಿನ ಆಶ್ರಮದಲ್ಲಿ ಧ್ಯಾನ ಕಲಿಯಲು ಬಂದ ಒಬ್ಬ ವಿದೇಶಿ ಹೆಂಗಸು ದಿನಾ ಬೆಳಿಗ್ಗೆ ನಮ್ಮಲ್ಲಿಗೆ ಇಡ್ಲಿ ತಿನ್ನಲು ಬರುತ್ತಿದ್ದಳು. ಸಾಂಬಾರಿಗೆ ಸಕ್ಕರೆ ಹಾಕಿಕೊಳ್ಳುತ್ತಿದ್ದಳು. ಅದನ್ನು ನೋಡಿ ನಮ್ಮ ಅಡುಗೆ ಭಟ್ಟರು ಒಳಗೆ ತಲೆ ಚಚ್ಚಿಕೊಳ್ಳುತ್ತಿದ್ದರು. ಊರಿಗೆ ಹೊರಡುವ ದಿನ ಅವಳು ತನ್ನ ಒಂಬತ್ತು ರೆಕಾರ್ಡುಗಳನ್ನು ತಂದು ಅಪ್ಪನ ಮುಂದಿಟ್ಟು, ವಿಮಾನಕ್ಕೆ ಭಾರ ಜಾಸ್ತಿಯಾಗುತ್ತದೆ, ನೀವೇ ಇಟ್ಟುಕೊಳ್ಳಿ ಎಂದಳು. ಒಂಬತ್ತೂ ಡಿಸ್ಕೊ.

ಹಣೆಗೆ ಗೋಪಿಚಂದನದ ನಾಮ, ಮೊಣಕಾಲ ತನಕ ಎತ್ತಿ ಕಟ್ಟಿದ ಬಿಳಿ ಪಂಚೆ, ಬಾಯಲ್ಲಿ ಸದಾ ದಾಸರ ಪದ. ಅಪ್ಪನಂಥವರು ಆ ರೆಕಾರ್ಡುಗಳನ್ನು ಏನು ಮಾಡಿಯಾರು? ಅಪ್ಪ ಜೂನಾ ಬಜಾರಿಗೆ ಹೋಗಿ ಹಳೆಯ ಪ್ಲೇಯರ್ ತಂದು ಮೇಲಿನ ರೂಮಿನಲ್ಲಿ ಇಟ್ಟರು. ಮೊದಲ ದಿನ ಹಾಡು ಶುರುವಾದಾಗ ಸಪ್ಲೈಯರು ಕೈಯಲ್ಲಿ ನಾಲ್ಕು ಕಾಫಿ ಹಿಡಿದುಕೊಂಡು ಮೆಟ್ಟಿಲ ನಡುವೆಯೇ ನಿಂತುಬಿಟ್ಟ. ತಿಂಗಳೊಳಗೆ ಕಾಲೇಜಿನ ಹುಡುಗ ಹುಡುಗಿಯರು ಮೇಲೆ ಜಾಗ ಸಿಗದೆ ಮೆಟ್ಟಿಲ ಮೇಲೆ ಕೂತು ಮಸಾಲೆದೋಸೆ ತಿನ್ನತೊಡಗಿದರು. ಅಪ್ಪ ಕೆಳಗೆ ಗಲ್ಲಾದ ಮುಂದೆ ಕೂತು, ಮುಖದಲ್ಲಿ ಏನೂ ತೋರಿಸದೆ, ನಾಲ್ಕು ಬೆರಳಲ್ಲಿ ಮೇಜಿನ ಮೇಲೆ ತಾಳ ಹಾಕುತ್ತಿದ್ದರು. ಪ್ಲೇಯರಿನ ಮುಳ್ಳನ್ನು ಇಡುವುದಕ್ಕೂ ಎತ್ತುವುದಕ್ಕೂ ಅವರೇ ಮೇಲೆ ಹತ್ತಿ ಬರಬೇಕು. ಬೇರೆ ಯಾರೂ ಮುಟ್ಟುವಂತಿರಲಿಲ್ಲ, ಅಮ್ಮ ಕೂಡ.

ಒಂದು ದಿನ ಒಂದು ರೆಕಾರ್ಡು ಕಾಣೆಯಾಯಿತು. ಗಿರಾಕಿಯೊಬ್ಬ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿದ್ದ. ಎರಡು ದಿನದ ಮೇಲೆ ಅವನ ತಾಯಿಯೇ ಬಂದು ವಾಪಸು ಕೊಟ್ಟು ಹೋದರು. ಹೋಟೆಲಿನವರಿಗೆ ಇಂಥದ್ದಕ್ಕೆ ಗೊತ್ತಿರುವ ಮದ್ದು ಒಂದೇ. ಲೋಟ, ಚಮಚ, ತಟ್ಟೆಗಳ ಮೇಲೆ ಹೋಟೆಲಿನ ಗುರುತು ಕೊರೆಸಿದ ಹಾಗೆ ಇದಕ್ಕೂ ಕೊರೆಸುವುದು. ಅಪ್ಪ ಎರಡು ಡಜನ್ ಹೊಸ ಲೋಟಗಳ ಜೊತೆ ಒಂಬತ್ತು ರೆಕಾರ್ಡುಗಳನ್ನೂ ಚೀಲಕ್ಕೆ ಹಾಕಿಕೊಂಡು, ಪಾತ್ರೆ ಅಂಗಡಿಯ ಮುಂದೆ ಕೂತು ಹೆಸರು ಕೊರೆಯುವವನ ಹತ್ತಿರ ಹೋದರು. ಚೀಲ ಹೊರಲು ನಾನೂ ಹೋಗಿದ್ದೆ. ಅವನು ರೆಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, "ಶೇಟ್, ಹೇ ಮಗ ವಾಜಣಾರ್ ನಾಹೀ" ಎಂದ. ಇದು ಆಮೇಲೆ ಹಾಡುವುದಿಲ್ಲ ಎಂದು ಅವನ ಭಯ. ಅಪ್ಪ ಬಿಡಲಿಲ್ಲ. ಹಾಡಿನ ಗೆರೆಗಳು ಮುಗಿದ ಮೇಲೆ, ನಡುವಿನ ಕಾಗದಕ್ಕಿಂತ ಮೊದಲು, ಒಂದು ಬೆರಳಿನಷ್ಟು ಖಾಲಿ ಪಟ್ಟಿ ಇರುತ್ತದೆ. ಅದನ್ನು ತೋರಿಸಿ ಇಲ್ಲಿ ಹೊಡಿ ಎಂದರು.

ನಮ್ಮ ಹೋಟೆಲಿನ ಗುರುತು ಶಂಖ. ಆ ಮನುಷ್ಯನ ಕೈಯಲ್ಲಿ ಅದು ಎಂದೂ ಶಂಖವಾಗಿರಲಿಲ್ಲ. ಬಾಲ ಎಡಕ್ಕೆ ಸೊಟ್ಟಗಾಗಿ, ಚುಕ್ಕಿ ಚುಕ್ಕಿಯಲ್ಲಿ, ಥೇಟ್ ಬದನೆಕಾಯಿಯ ಹಾಗೆ ಕಾಣುತ್ತಿತ್ತು. ಅಂಥ ಒಂಬತ್ತು ಶಂಖ, ಪಕ್ಕದಲ್ಲಿ ಒಂದರಿಂದ ಒಂಬತ್ತರವರೆಗೆ ಇಂಗ್ಲಿಷ್ ಅಂಕಿ. ಹಾಡು ಏನೂ ಕೆಡಲಿಲ್ಲ. ಆದರೆ ಹಾಡು ಮುಗಿದು ಮುಳ್ಳು ಕೊನೆಯ ಗೆರೆಯಲ್ಲಿ ಸುತ್ತುವಾಗ, ಸುತ್ತಿಗೊಂದು ಸಲ ಶಂಖದ ಮೇಲೆ ಹಾದು ಟಕ್ ಅನ್ನುತ್ತಿತ್ತು. ಟಕ್, ಟಕ್, ಟಕ್. ಅದು ಕೇಳಿದ ಕೂಡಲೇ ಅಪ್ಪ ಗಲ್ಲಾ ಬಿಟ್ಟು ಎದ್ದು ಮೆಟ್ಟಿಲು ಹತ್ತುತ್ತಿದ್ದರು.

ಇನ್ನು ನನ್ನ ಪ್ರತಾಪ. ನನಗಾಗ ಹದಿಮೂರು. ದೀಪಾವಳಿಗೆ ಮುಂಚೆ ಮೇಲಿನ ರೂಮಿಗೆ ಸುಣ್ಣ ಹೊಡೆಸುತ್ತಿದ್ದರು, ರೆಕಾರ್ಡುಗಳು ಹಳೆಯ ಸೀರೆಯೊಂದರಲ್ಲಿ ಗಂಟಾಗಿ ಮನೆಗೆ ಬಂದಿದ್ದವು. ಪುಣೆಯಲ್ಲಿ ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಬುಟ್ಟಿ ಹೊತ್ತು ಓಣಿ ಓಣಿ ಬರುತ್ತಾರೆ, ಭಾಂಡೇವಾಲಿ ಎನ್ನುತ್ತಾರೆ. ಅಮ್ಮ ಟ್ರಂಕಿನ ಹಳೆಯ ಬಟ್ಟೆ ಕೊಟ್ಟು ಏನಾದರೂ ತೆಗೆದುಕೋ ಎಂದು ಹೇಳಿ ದೇವಸ್ಥಾನಕ್ಕೆ ಹೋಗಿದ್ದರು. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನನಗೆ ಆಗಲೇ ಭಾರೀ ಗರ್ವ. ಬುಟ್ಟಿಯಲ್ಲಿ ಮುಚ್ಚಳದ ದೊಡ್ಡ ಡಬ್ಬಿಯೊಂದು ಫಳಫಳ ಹೊಳೆಯುತ್ತಿತ್ತು. ಇಷ್ಟು ಬಟ್ಟೆಗೆ ಅದು ಬರುವುದಿಲ್ಲ ಎಂದಳು ಭಾಂಡೇವಾಲಿ. ನಾನು ಒಳಗೆ ಹೋಗಿ ಸೀರೆಯ ಗಂಟನ್ನು ತಂದು ಅವಳ ಮುಂದೆ ಇಟ್ಟೆ. ಗೊತ್ತಿಲ್ಲದೆ ಕೊಟ್ಟೆ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೇನೆ. ಸುಳ್ಳು. ಒಳಗೆ ಏನಿದೆ ಎಂದು ಚೆನ್ನಾಗಿ ಗೊತ್ತಿತ್ತು. ಅಪ್ಪ ಅದೇ ವಾರ ಹೊಸ ಟೇಪ್ ರೆಕಾರ್ಡರ್ ತಂದಿದ್ದರು, ಇನ್ನು ಈ ತಟ್ಟೆಗಳು ಯಾರಿಗೆ ಬೇಕು ಎಂದು ನಾನೇ ತೀರ್ಮಾನ ಮಾಡಿದ್ದೆ.

ಅಪ್ಪ ಬೈಯಲಿಲ್ಲ. ಸ್ಕೂಟರ್ ಹತ್ತಿ ಎರಡು ದಿನ ಭವಾನಿ ಪೇಠೆ, ಜೂನಾ ಬಜಾರು ಎಲ್ಲ ಹುಡುಕಿ ಬರಿಗೈಯಲ್ಲಿ ಬಂದರು. ಪ್ಲೇಯರಿಗೆ ಬಟ್ಟೆ ಹೊದಿಸಿದರು. ಗಲ್ಲಾದ ಮುಂದೆ ಬೆರಳಲ್ಲಿ ತಾಳ ಹಾಕುವುದು ನಿಂತಿತು. ಅದನ್ನು ನೋಡುವ ಬದಲು ನಾಲ್ಕು ಏಟು ತಿಂದಿದ್ದರೆ ಚೆನ್ನಾಗಿತ್ತು.

ಬೈಯುವ ಕೆಲಸವನ್ನು ಅಣ್ಣ ವಹಿಸಿಕೊಂಡ. "ಅವಳ ಕೈಗೆ ಕೊಡಬೇಡಿ, ಭಾಂಡೇವಾಲಿಗೆ ಹೋದೀತು." ಇದು ನಮ್ಮ ಮನೆಯ ಕಾಯಂ ಮಾತಾಯಿತು. ಅಜ್ಜಿಯ ಬಳೆ, ಊರಿನ ಮನೆಯ ಬೀಗದ ಕೈ, ಅಣ್ಣನ ಮಗುವನ್ನು ಐದು ನಿಮಿಷ ನೋಡಿಕೊಳ್ಳುವುದು, ಎಲ್ಲದಕ್ಕೂ ಅದೇ ಮಾತು, ಅದೇ ನಗು. ನನ್ನ ಮದುವೆಯ ದಿನ ತಾಳಿಯ ತಟ್ಟೆ ನನ್ನ ಹತ್ತಿರ ಬಂದಾಗಲೂ ಹೇಳಿದ. ಬೀಗರೆಲ್ಲ ನಕ್ಕರು. ನಾನೂ ನಕ್ಕೆ, ಒಳಗೆ ಕುದಿಯುತ್ತಿದ್ದೆ. ಅಪ್ಪ ಎಂದೂ ಆ ಮಾತು ಆಡಲಿಲ್ಲ. ಆದರೆ ಎಂದೂ ತಡೆಯಲೂ ಇಲ್ಲ.

ಎಂಟು ವರ್ಷದ ಹಿಂದೆ ಮಗಳಿಗೆ ಹಳೆಯ ಕ್ಯಾಮರಾ ಬೇಕೆಂದು ಭಾನುವಾರದ ಜೂನಾ ಬಜಾರಿಗೆ ಹೋದೆ. ನೆಲದ ಮೇಲೆ ಹಾಸಿದ ತಾಡಪಾಲಿನಲ್ಲಿ ನಲ್ಲಿ, ಬೀಗ, ಮಿಕ್ಸಿಯ ಜಾರುಗಳ ನಡುವೆ ಒಂದು ರೆಕಾರ್ಡು ಹೊದಿಕೆಯೂ ಇಲ್ಲದೆ ಬಿದ್ದಿತ್ತು. ಸುಮ್ಮನೆ ಎತ್ತಿ ಬಿಸಿಲಿಗೆ ಓರೆಯಾಗಿ ಹಿಡಿದೆ. ಖಾಲಿ ಪಟ್ಟಿಯಲ್ಲಿ ಬದನೆಕಾಯಿ! ಪಕ್ಕದಲ್ಲಿ ಅಂಕಿ ನಾಲ್ಕು. ನಾನು ಕಿರುಚಿದ ಸದ್ದಿಗೆ ಪಕ್ಕದ ಬೀಗದ ವ್ಯಾಪಾರಿ ಹಾವು ಬಂತೆಂದು ಎದ್ದು ನಿಂತ.

ಅಲ್ಲಿಂದ ಹುಚ್ಚು ಹಿಡಿಯಿತು. ಒಂದು ಸಿಕ್ಕಿದೆ ಅಂದರೆ ಉಳಿದ ಎಂಟೂ ಎಲ್ಲೋ ಇವೆ. ರಜಾ ದಿನಗಳೆಲ್ಲ ಗುಜರಿ ಅಂಗಡಿಗಳಿಗೆ ಹೋದವು. ಕ್ಯಾಂಪಿನ ಹಳೆಯ ಬಂಗಲೆ ಖಾಲಿ ಮಾಡುತ್ತಾರೆ ಎಂದು ಗೊತ್ತಾದರೆ ನಾನು ಪರಿಚಯದವರ ಹಾಗೆ ನಗುತ್ತಾ ಒಳಗೆ ಹೋಗುತ್ತಿದ್ದೆ. ಹುಡುಕುತ್ತಾ ಹುಡುಕುತ್ತಾ ವಿದ್ಯೆ ಬಂತು. ಮೂಲ ಅಚ್ಚು ಯಾವುದು, ಆಮೇಲಿನದು ಯಾವುದು ಎಂಬುದನ್ನು ನಡುವಿನ ಕಾಗದದ ಬಣ್ಣ, ರೆಕಾರ್ಡಿನ ತೂಕ, ಮುಖ್ಯವಾಗಿ ಖಾಲಿ ಪಟ್ಟಿಯಲ್ಲಿ ಕಾರ್ಖಾನೆಯವರು ಕೆತ್ತಿದ ಅಕ್ಷರಗಳನ್ನು ನೋಡಿ ಹೇಳಬಹುದು. ಸಂಗ್ರಹಕಾರರೆಲ್ಲ ಭೂತಗನ್ನಡಿ ಹಿಡಿದು ನೋಡುವುದು ಆ ಪಟ್ಟಿಯನ್ನೇ. ನಾನು ಅಲ್ಲಿ ಶಂಖ ಹುಡುಕುತ್ತಿದ್ದೆ. ಶಂಖ ಇಲ್ಲದ ಒಳ್ಳೆಯ ಡಿಸ್ಕೊ ಸಿಕ್ಕರೂ ಬಿಡಲು ಮನಸ್ಸು ಬರುತ್ತಿರಲಿಲ್ಲ. ಹೀಗೆ ನೂರಾ ಮೂವತ್ತಾದವು. ದೋಸೆ ಹಿಟ್ಟು ರುಬ್ಬುವಾಗಲೂ ಉತ್ತರಪತ್ರಿಕೆ ತಿದ್ದುವಾಗಲೂ ನನಗೆ ಡಿಸ್ಕೊ ಬೇಕು. ತಪ್ಪು ಉತ್ತರಕ್ಕೆ ಆ ತಾಳದಲ್ಲಿ ಅಡ್ಡಗೆರೆ ಎಳೆಯುವ ಸುಖವೇ ಬೇರೆ.

ಹೋದ ವರ್ಷದ ಹೊತ್ತಿಗೆ ಎಂಟು ಶಂಖ ಸಿಕ್ಕಿದ್ದವು. ಅಪ್ಪನಿಗೆ ಹೇಳಿರಲಿಲ್ಲ. ಎಂಟನ್ನು ಒಯ್ದು ಕೊಟ್ಟರೆ ಅಣ್ಣ ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತಿತ್ತು: ಒಂಬತ್ತನೆಯದು ಎಲ್ಲಿ? ಆ ಖುಷಿಯನ್ನು ಅವನಿಗೆ ಕೊಡಲು ನಾನು ತಯಾರಿರಲಿಲ್ಲ. ಆದರೆ ಅಪ್ಪನಿಗೆ ಎಂಬತ್ತನಾಲ್ಕಾಗಿತ್ತು. ಬೆಳಿಗ್ಗೆ ಎರಡು ತಾಸು ಹಠಕ್ಕೆ ಗಲ್ಲಾದಲ್ಲಿ ಕೂರುತ್ತಾರಾದರೂ ಕಿವಿ ಮಂದವಾಗುತ್ತಿತ್ತು. ಒಂಬತ್ತೂ ಕೂಡಿ ಬರುವಷ್ಟರಲ್ಲಿ ಕೇಳಿಸಿಕೊಳ್ಳುವ ಕಿವಿ ಇಲ್ಲದೆ ಹೋದರೆ ಏನು ಮಾಡುವುದು ಎಂದು ಒಳಗೊಳಗೇ ಹೆದರುತ್ತಿದ್ದೆ. ಸಿಗದೆ ಉಳಿದದ್ದು ಏಳನೆಯದು. ಅಪ್ಪ ದಿನಕ್ಕೆರಡು ಸಲ ಹಾಕುತ್ತಿದ್ದದ್ದು ಅದೇ.

ಪುಣೆಯ ರೆಕಾರ್ಡ್ ಪ್ರೇಮಿಗಳು ಆಗಾಗ ಭಾನುವಾರ ಬೆಳಿಗ್ಗೆ ಒಂದು ಸಭಾಂಗಣದಲ್ಲಿ ಸೇರುತ್ತಾರೆ. ಅಲ್ಲಿ ಒಂದು ದಿನ ಪುಣೆಯ ಪಕ್ಕದ ನಿಗಡಿಯ ಹಿರಿಯರೊಬ್ಬರ ಭಾಷಣ. ವಿಜಯಪುರದ ಕಡೆಯವರು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಮರಾಠಿಯೊಳಗೂ ಕನ್ನಡದ ಗತ್ತು. ವಿಷಯ, 'ಒಂದು ರಹಸ್ಯ ಗುರುತು'. ಗೋಡೆಯ ಮೇಲೆ ಫೋಟೋ ದೊಡ್ಡದಾಗಿ ಮೂಡಿತು. ನಮ್ಮ ಬದನೆಕಾಯಿ, ಪಕ್ಕದಲ್ಲಿ 7!

ಇದು ಜರ್ಮನಿಯ ಒಬ್ಬ ಮಹಾ ಇಂಜಿನಿಯರ್ ತಾನು ಕೈಯಾರೆ ತಿದ್ದಿದ ಅಚ್ಚಿಗೆ ಹಾಕುತ್ತಿದ್ದ ಗುಪ್ತ ಮುದ್ರೆ, ಅರಳದ ಟ್ಯುಲಿಪ್ ಮೊಗ್ಗು, ಜಗತ್ತಿನಲ್ಲಿ ಇಂಥವು ಏಳೇ ಇವೆ ಎಂದು ಅವರು ಅರ್ಧ ಗಂಟೆ ವಿವರಿಸಿದರು. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನಗೆ ನಗು ಉಕ್ಕಿ ಬಂದು, ಕೆಮ್ಮು ಬಂದವಳ ಹಾಗೆ ಸೆರಗು ಬಾಯಿಗೆ ಒತ್ತಿಕೊಂಡೆ. ಎದ್ದು ನಿಂತು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ತಪ್ಪು ಲೆಕ್ಕ ಮಾಡಿದವನನ್ನು ಬೋರ್ಡಿನ ಮುಂದೆ ನಗೆಪಾಟಲು ಮಾಡಿದರೆ ಅವನು ಅದೇ ಉತ್ತರ ಗಟ್ಟಿಯಾಗಿ ಹಿಡಿದು ಕೂರುತ್ತಾನೆ. ಇಪ್ಪತ್ತೈದು ವರ್ಷ ಪಾಠ ಮಾಡಿ ಅಷ್ಟಾದರೂ ಕಲಿತಿದ್ದೇನೆ.

ನಿಗಡಿಗೆ ಮೂರು ಸಲ ಹೋದೆ. ಕನ್ನಡದವಳು ಎಂದು ಗೊತ್ತಾದದ್ದೇ ತಡ, "ಬರ್ರಿ ಅಕ್ಕಾರ, ಬರ್ರಿ, ಕೂಡ್ರಿ" ಎಂದು ಅವರು ಬಾಗಿಲಿಗೇ ಬಂದು ಕರೆದರು. ಅವರ ಹೆಂಡತಿ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಕೊಟ್ಟರು. ರೆಕಾರ್ಡಿನ ಮಾತು ಎತ್ತಿದರೆ ಮಾತ್ರ ಹಿರಿಯರು ಕೈ ಮುಗಿಯುತ್ತಿದ್ದರು.

"ಏನ್ ಬೇಕಾದ್ದ ಕೇಳ್ರಿ, ಇದೊಂದು ಕೇಳಬ್ಯಾಡ್ರಿ. ಇದು ಜಗತ್ತಿನಾಗ ಏಳೇ ಅದಾವ್ರಿ."

ಎರಡನೆಯ ಸಲ ಅದೇ ಆಲ್ಬಮ್ಮಿನ ನನ್ನ ಇನ್ನೊಂದು ಪ್ರತಿ ಒಯ್ದೆ. ಮೂಲ ಅಚ್ಚು, ಒಂದು ಗೀರೂ ಇಲ್ಲ, ಬೆಂಗಳೂರಿನ ವ್ಯಾಪಾರಿಯ ಹಿಂದೆ ಬಿದ್ದು ತರಿಸಿದ್ದು. ಅದನ್ನು ಕೊಡುತ್ತೇನೆ, ನಿಮ್ಮದು ನನಗೆ ಕೊಡಿ ಎಂದೆ. ಅವರು ಭೂತಗನ್ನಡಿ ಹಿಡಿದು ನೋಡಿ, "ಭಾಳ ಚಲೋ ಅದ್ರಿ. ಆದ್ರ ಇದರಾಗ ಟ್ಯುಲಿಪ್ ಇಲ್ಲಲ್ರಿ" ಎಂದು ಮರುಕದಿಂದ ವಾಪಸು ಕೊಟ್ಟರು. ಬಸ್ಸಿನಲ್ಲಿ ಬಿಬವೇವಾಡಿಯವರೆಗೂ ಹಲ್ಲು ಕಡಿಯುತ್ತಾ ಬಂದೆ.

ಮೂರನೆಯ ಸಲ ಹೋಗುವ ಮುಂಚೆ ನಾನು ಕಳ್ಳತನ ಮಾಡಿದೆ. ಶಂಖ ಕೊರೆದ ಹಳೆಯ ಲೋಟಗಳಲ್ಲಿ ಹೋಟೆಲಿನಲ್ಲಿ ಈಗ ಉಳಿದಿರುವುದು ಒಂದೇ. ಅದರಲ್ಲಿ ಅಪ್ಪನಿಗೆ ಮಾತ್ರ ಕಾಫಿ ಕೊಡುತ್ತಾರೆ. ಅಡುಗೆಮನೆಗೆ ನುಗ್ಗಿ, ಚಟ್ನಿಯ ರುಚಿ ನೋಡುವ ನೆಪದಲ್ಲಿ ಅದನ್ನು ಬ್ಯಾಗಿಗೆ ಸೇರಿಸಿದೆ. ಹೊರಗೆ ಬರುವಾಗ ಗಲ್ಲಾದಲ್ಲಿದ್ದ ಅಪ್ಪ, "ಎಂತ, ಕಾಫಿ ಕುಡಿಯದೆ ಹೊರಟದ್ದಾ?" ಎಂದರು. ಬ್ಯಾಗನ್ನು ಅವುಚಿಕೊಂಡು ರಸ್ತೆಗೆ ಇಳಿದೆ.

ನಿಗಡಿಯಲ್ಲಿ ಅವರ ರೆಕಾರ್ಡಿನ ಪಕ್ಕದಲ್ಲಿ ಲೋಟ ಇಟ್ಟು ಶಂಖವನ್ನು ಅವರ ಕಡೆಗೆ ತಿರುಗಿಸಿದೆ. ಹಿರಿಯರು ಭೂತಗನ್ನಡಿ ಎತ್ತಿಕೊಂಡರು. ರೆಕಾರ್ಡು ನೋಡಿದರು, ಲೋಟ ನೋಡಿದರು, ಮತ್ತೆ ರೆಕಾರ್ಡು ನೋಡಿದರು. ಎಡಕ್ಕೆ ಸೊಟ್ಟಗಾದ ಬಾಲ, ಅದೇ ಚುಕ್ಕಿ. ನಾನು ಮೆಲ್ಲಗೆ ಎಲ್ಲ ಹೇಳಿದೆ, ವಿದೇಶಿ ಹೆಂಗಸಿನಿಂದ ಹಿಡಿದು ಭಾಂಡೇವಾಲಿಯವರೆಗೆ. ಗೊತ್ತಿದ್ದೇ ಕೊಟ್ಟೆ ಎಂಬುದನ್ನೂ ಹೇಳಿದೆ. ಗಂಡನಿಗೂ ಹೇಳದ ಮಾತನ್ನು ಆ ಪರವೂರಿನ ಹಿರಿಯರ ಮುಂದೆ ಯಾಕೆ ಹೇಳಿದೆನೋ, ಹೇಳುವಾಗ ಕಣ್ಣಲ್ಲಿ ನೀರು ಬಂತು.

ಮೊದಲು ನಕ್ಕವರು ಅವರ ಮನೆಯವರು. ಅಡುಗೆಮನೆಯ ಬಾಗಿಲಲ್ಲಿ ನಿಂತು, ಹೊಟ್ಟೆ ಹಿಡಿದುಕೊಂಡು, "ಅಯ್ಯ ಶಿವನ! ದಿನಾ ಬೆಳಿಗ್ಗೆ ಎದ್ದು ಚಾದ ಲೋಟದ ಗುರುತಿಗೆ ಕೈ ಮುಗಿದಾರ್ರಿ ಇವರು!"

ಹಿರಿಯರ ಮುಖ ಕೆಂಪಗಾಯಿತು. ಇನ್ನು ಕೆಲಸ ಕೆಟ್ಟಿತು ಎಂದುಕೊಂಡೆ. ಅವರು ಬಹಳ ಹೊತ್ತು ಲೋಟವನ್ನು ಕೈಯಲ್ಲಿ ತಿರುಗಿಸಿದರು. ಆಮೇಲೆ ರೆಕಾರ್ಡನ್ನು ಹೊದಿಕೆಗೆ ಹಾಕಿ ನನ್ನ ಮಡಿಲಲ್ಲಿ ಇಟ್ಟರು.

"ಒಯ್ರಿ. ನಿಮ್ಮ ಅಪ್ಪಾರಿಗೆ ಕೊಡ್ರಿ. ಆದ್ರ ಈ ಲೋಟಾ ಇಲ್ಲೇ ಬಿಟ್ಟ ಹೋಗ್ರಿ. ಮುಂದಿನ ಸಲ ಸಭಾದಾಗ ಇದನ್ನ ಇಟ್ಟ ಖರೇ ಕತಿ ಹೇಳ್ತೀನಿ. ಲೋಟಾ ತೋರಸ್ಲಿಲ್ಲಂದ್ರ ಯಾರೂ ನಂಬೂದಿಲ್ರಿ."

ಮತ್ತೆ ಒಯ್ದಿದ್ದ ಗೀರಿಲ್ಲದ ನನ್ನ ಪ್ರತಿಯನ್ನು ಎಷ್ಟು ಹೇಳಿದರೂ ಅವರು ತೆಗೆದುಕೊಳ್ಳಲಿಲ್ಲ. ನಾನೂ ಬಿಡದೆ ಅವರ ಮನೆಯವರ ಕೈಗೆ ಕೊಟ್ಟು ಬಂದೆ. ಮೆಟ್ಟಿಲಿಳಿಯುವಾಗ ಹೊಳೆಯಿತು: ಒಂಬತ್ತು ರೆಕಾರ್ಡು ಕೊಟ್ಟು ಸ್ಟೀಲ್ ಡಬ್ಬಿ ತಂದವಳು ಈಗ ಸ್ಟೀಲ್ ಲೋಟ ಕೊಟ್ಟು ರೆಕಾರ್ಡು ತರುತ್ತಿದ್ದೇನೆ. ನಿಗಡಿಯ ರಸ್ತೆಯಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕೆ.

ಯುಗಾದಿಯ ದಿನ ಮಧ್ಯಾಹ್ನ ಹೋಟೆಲಿನ ಮೇಲಿನ ರೂಮಿನಲ್ಲಿ ನಮ್ಮ ಮನೆಯವರೆಲ್ಲ ಊಟಕ್ಕೆ ಸೇರುವುದು ವಾಡಿಕೆ. ಅಪ್ಪನನ್ನು ಅಣ್ಣನ ಮಗ ಕೈಹಿಡಿದು ಮೆಟ್ಟಿಲು ಹತ್ತಿಸಿದ. ಅವರು ಒಂದು ವಾರದಿಂದ ಲೋಟ ಕಾಣೆಯಾಗಿದೆ ಎಂದು ಗೊಣಗುತ್ತಿದ್ದರು. ಒಬ್ಬಟ್ಟಿಗೆ ಬಡಿಸಲು ನಾನು ತುಪ್ಪದ ಗಿಂಡಿ ಎತ್ತಿಕೊಂಡೆ, ಅಣ್ಣ ಬಾಯಿ ತೆರೆದ.

"ಅವಳ ಕೈಗೆ ಕೊಡಬೇಡಿ ಮಾರಾಯ್ರೇ, ಭಾಂಡೇವಾಲಿಗೆ ಹೋದೀತು!"

ಎಲ್ಲರೂ ನಕ್ಕರು. ನಗಲಿ ಎಂದು ಬಿಟ್ಟೆ. ಇದೇ ಕೊನೆಯ ನಗು ಎಂದು ನನಗೊಬ್ಬಳಿಗೆ ಗೊತ್ತಿತ್ತು. ಗಿಂಡಿ ಕೆಳಗಿಟ್ಟು, ಮನೆಯಿಂದ ಮೊದಲೇ ತಂದು ಮೂಲೆಯಲ್ಲಿ ಮುಚ್ಚಿಟ್ಟಿದ್ದ ಪ್ಲೇಯರನ್ನು ಎತ್ತಿ ಅಪ್ಪನ ಎದುರಿನ ಮೇಜಿನ ಮೇಲೆ ಇಟ್ಟೆ. ಆಮೇಲೆ ಚೀಲದಿಂದ ಒಂದೊಂದಾಗಿ ಒಂಬತ್ತು ರೆಕಾರ್ಡುಗಳನ್ನು ಅವರ ಮುಂದೆ ಹರಡಿದೆ.

ಅಪ್ಪ ಕನ್ನಡಕ ಸರಿ ಮಾಡಿಕೊಂಡು ಮೊದಲನೆಯದನ್ನು ಹೊದಿಕೆಯಿಂದ ತೆಗೆದರು. ಕಣ್ಣಿಗೆ ಕಾಣಿಸಿತೋ ಇಲ್ಲವೋ, ಹೆಬ್ಬೆರಳನ್ನು ಖಾಲಿ ಪಟ್ಟಿಯ ಮೇಲೆ ಆಡಿಸಿದರು. ಬೆರಳು ಶಂಖದ ಮೇಲೆ ನಿಂತಿತು. ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋದರು. ಏಳನೆಯದನ್ನು ಎರಡು ಸಲ ತಡವಿ ನೋಡಿದರು. ಒಂಬತ್ತು ಎಂದು ಮುಗಿಸಿ ನನ್ನ ಮುಖ ನೋಡಿದರು.

"ಎಲ್ಲಿಂದ ತಂದದ್ದು ಮಾರಾಯ್ತಿ?"

ಹೇಳಿದೆ. ಗೊತ್ತಿದ್ದೇ ಕೊಟ್ಟಿದ್ದೆ ಎನ್ನುವುದನ್ನೂ ಎಲ್ಲರೆದುರು ಹೇಳಿದೆ.

"ಅದು ನನಗೆ ಅವತ್ತೇ ಗೊತ್ತುಂಟು" ಎಂದರು ಅಪ್ಪ. "ನೀನು ಗೊತ್ತಿಲ್ಲದೆ ಏನಾದರೂ ಕೊಡುವವಳಾ?"

ಲೋಟದ ಕತೆಗೆ ಬಂದಾಗ ಅಣ್ಣ ಸಂದು ಸಿಕ್ಕಿತೆಂದು ಮುಂದೆ ಬಗ್ಗಿದ. "ನೋಡಿದಿರಾ? ಅಪ್ಪನ ಲೋಟವನ್ನೂ ಯಾರಿಗೋ ಕೊಟ್ಟು ಬಂದಿದ್ದಾಳೆ."

"ಒಳ್ಳೆ ವ್ಯಾಪಾರ ಮಾಡಿದ್ದಾಳೆ. ನೀನು ಸುಮ್ಮನಿರು" ಎಂದರು ಅಪ್ಪ. ನಲವತ್ತು ವರ್ಷದಲ್ಲಿ ಮೊದಲ ಸಲ.

ಏಳನೆಯದನ್ನು ಅಪ್ಪನೇ ಪ್ಲೇಯರಿನ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿದು ಮುಳ್ಳು ಇಳಿಸಿದರು. ದನಿ ಪೂರ್ತಿ ಜೋರು ಮಾಡಿದೆ. ಆ ಹಳೆಯ ಡಿಸ್ಕೊ ರೂಮಿನ ನಾಲ್ಕೂ ಗೋಡೆಗೆ ಬಡಿಯಿತು. ಕೆಳಗಿದ್ದ ಗಿರಾಕಿಗಳು ಮೆಟ್ಟಿಲ ಬುಡಕ್ಕೆ ಬಂದು ಕತ್ತೆತ್ತಿ ನೋಡಿದರು. ಅಪ್ಪ ಕಣ್ಣು ಮುಚ್ಚಿದ್ದರು. ಸ್ವಲ್ಪ ಹೊತ್ತಿಗೆ ಎಲೆಯ ಪಕ್ಕದಲ್ಲಿ ಅವರ ನಾಲ್ಕು ಬೆರಳು ತಾಳ ಹಾಕತೊಡಗಿದವು. ಒಂದು ಪೆಟ್ಟೂ ತಪ್ಪಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಯಾರು ನೋಡಿದರೆ ನನಗೇನು?

ಆ ಬದಿಯ ಹಾಡುಗಳು ಮುಗಿದವು. ಟಕ್, ಟಕ್, ಟಕ್.

ಅಪ್ಪ ಕಣ್ಣು ತೆರೆದರು, ಆದರೆ ಏಳಲಿಲ್ಲ. ಅಣ್ಣ ಎದ್ದು ಪ್ಲೇಯರಿಗೆ ಕೈ ಚಾಚಿದ.

"ನೀನಲ್ಲ" ಎಂದರು ಅಪ್ಪ. ನನ್ನ ಕಡೆಗೆ ಗದ್ದ ಎತ್ತಿ ತೋರಿಸಿದರು. "ಎಂತ ನೋಡ್ತಿ? ಹೋಗು, ನೀನು ಎತ್ತು."

ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಎರಡು ಬೆರಳಲ್ಲಿ ಮುಳ್ಳು ಎತ್ತಿದೆ. ಮನೆಯಲ್ಲಿ ನೂರಾರು ಸಲ ಎತ್ತಿದ್ದೇನೆ, ಇಲ್ಲಿ ಇದೇ ಮೊದಲು. ಟಕ್ ಟಕ್ ನಿಂತಿತು.

"ಇನ್ನೊಂದು ಹಾಕು" ಎಂದರು ಅಪ್ಪ.